ಆರನೇ ಬೆಡ್ ಮೇಲಿನ ಹಳದಿ ಚೀಟಿ: ಬಳ್ಳಾರಿಯ ಒಂದು ಐಸಿಯುನಲ್ಲಿ 19 ದಿನ

5ಕ್ಕೆ 4 ಸ್ಟಾರ್ ಕೊಡುತ್ತಿದ್ದೇನೆ. ಒಂದು ಸ್ಟಾರ್ ಯಾಕೆ ಹಿಡಿದಿಟ್ಟುಕೊಂಡೆ ಅಂತ ಮುಂದೆ ಬರೆದಿದ್ದೇನೆ.

ಆಸ್ಪತ್ರೆ ಹೆಸರು ಹಾಕುವುದಿಲ್ಲ. ಬಳ್ಳಾರಿಯಲ್ಲಿರುವ ಒಂದು ಖಾಸಗಿ ಆಸ್ಪತ್ರೆ, ಅಷ್ಟು ಸಾಕು. ಅಲ್ಲಿ ಕೈಮುಗಿಯುವಂಥ ಕೆಲಸವನ್ನೂ ಕಂಡೆ, ಸಿಟ್ಟು ಬರುವಂಥದ್ದನ್ನೂ ಕಂಡೆ. ಹೆಸರು ಹಾಕಿದರೆ ಎಲ್ಲರ ಮಾತೂ ಆ ಹೆಸರಿನ ಸುತ್ತಲೇ ಸುತ್ತುತ್ತದೆ, ನಾನು ಹೇಳಬೇಕು ಅಂದುಕೊಂಡಿದ್ದು ಪಕ್ಕಕ್ಕೆ ಹೋಗುತ್ತದೆ. ನಾಳೆ ನಿಮ್ಮ ಮನೆಯವರನ್ನು ಬಳ್ಳಾರಿ, ರಾಯಚೂರು, ಕೊಪ್ಪಳ ಎಲ್ಲಿಯ ಐಸಿಯುಗೆ ಸೇರಿಸಿದರೂ ಉಪಯೋಗಕ್ಕೆ ಬರಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎಲ್ಲರೂ ಕೇಳುವ ವಿಷಯ ಮುಗಿಸಿಬಿಡುತ್ತೇನೆ. ಪಾರ್ಕಿಂಗ್ ಇಲ್ಲ, ಬೈಕನ್ನು ರಸ್ತೆ ಬದಿಯಲ್ಲೇ ನಿಲ್ಲಿಸಬೇಕು. ಕ್ಯಾಂಟೀನ್‌ನಲ್ಲಿ ಬೆಳಿಗ್ಗೆಯ ಒಗ್ಗರಣೆ ಮಿರ್ಚಿ ಚೆನ್ನಾಗಿರುತ್ತದೆ, ಮಧ್ಯಾಹ್ನದ ಅನ್ನ ಸಾರು ಅಷ್ಟಕ್ಕಷ್ಟೇ. ರೋಗಿ ಜೊತೆ ಬಂದವರಿಗೆ ಮಲಗಲು ಒಂದು ಹಾಲ್ ಇದೆ, ಫ್ಯಾನ್ ಎರಡೇ. ಏಪ್ರಿಲ್ ತಿಂಗಳ ಬಳ್ಳಾರಿ ಬಿಸಿಲು ಗೊತ್ತಲ್ವಾ, ರಾತ್ರಿ ಹತ್ತಾದರೂ ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು. ಬಿಲ್ ಜಾಸ್ತಿಯೇ ಆಯಿತು, ಆದರೆ ದಿನಾ ಸಂಜೆ ಆವತ್ತಿನ ಲೆಕ್ಕವನ್ನು ಕೈಗೆ ಕೊಟ್ಟರು, ಏನನ್ನೂ ಮುಚ್ಚಿಡಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ.

ಅಪ್ಪನಿಗೆ 66 ವರ್ಷ. ಸಿರುಗುಪ್ಪದ ಕಡೆ ಭತ್ತ ಬೆಳೆಯುವವರು. ನಲವತ್ತು ವರ್ಷ ಬೀಡಿ ಸೇದಿ ಪುಪ್ಪುಸ ಮೊದಲೇ ಸೋತಿತ್ತು, ಚಳಿಗಾಲ ಬಂದರೆ ದಮ್ಮು. ಈ ಸಲ ಮಾರ್ಚ್‌ನಲ್ಲಿ ಕೆಮ್ಮು ಹತ್ತಿತು. ಊರಲ್ಲಿ ಎರಡು ದಿನ ಸೂಜಿ ಮಾಡಿಸಿದೆವು. ಕಡಿಮೆಯಾಗಲಿಲ್ಲ ಅಂತ ನಾನೇ ಮೆಡಿಕಲ್ ಶಾಪಿಗೆ ಹೋಗಿ ಸೆಫಿಕ್ಸಿಮ್ ಅನ್ನುವ ಆಂಟಿಬಯಾಟಿಕ್ ಗುಳಿಗೆ ತಂದೆ. ಚೀಟಿ ಕೇಳಲಿಲ್ಲ, ಕೊಟ್ಟರು. ಮೂರು ದಿನ ನುಂಗಿದರು, ಸ್ವಲ್ಪ ಹಗುರ ಅನ್ನಿಸಿತು, ಬಿಟ್ಟರು. ವಾರ ಬಿಟ್ಟು ಮತ್ತೆ ಹೆಚ್ಚಾಯಿತು, ಮತ್ತೆ ಬೇರೆ ಗುಳಿಗೆ ತಂದೆ. ಆ ಪಟ್ಟಿಯ ಹಿಂದೆ ಉದ್ದಕ್ಕೆ ಒಂದು ಕೆಂಪು ಗೆರೆ ಇತ್ತು. ಕಣ್ಣಿಗೆ ಬಿದ್ದಿತ್ತು, ಅದು ಏನು ಅಂತ ಯೋಚನೆ ಮಾಡಿರಲಿಲ್ಲ. ಡಾಕ್ಟರ್ ಬರೆದುಕೊಡದೆ ತೆಗೆದುಕೊಳ್ಳಬಾರದು ಅನ್ನುವುದಕ್ಕೆ ಹಾಕಿರುವ ಗೆರೆ ಅದು, ಕೇಂದ್ರ ಸರ್ಕಾರ 2016ರಲ್ಲಿ ಇದರ ಬಗ್ಗೆ ಪ್ರಚಾರವನ್ನೇ ಮಾಡಿತ್ತು. ಸೆಫಿಕ್ಸಿಮ್‌ನಂಥ ಔಷಧ ಮಾರಿದರೆ ರೋಗಿ ಹೆಸರು, ಬರೆದುಕೊಟ್ಟ ಡಾಕ್ಟರ್ ಹೆಸರು ಅಂಗಡಿಯವರು ಪುಸ್ತಕದಲ್ಲಿ ಬರೆದಿಡಬೇಕು ಅಂತ 2014ರಿಂದಲೇ ನಿಯಮ ಇದೆ. ಇದೆಲ್ಲ ನನಗೆ ಗೊತ್ತಾಗಿದ್ದು ಐಸಿಯು ಹೊರಗಿನ ಬೆಂಚಿನ ಮೇಲೆ ಕೂತಾಗ.

ಆಮೇಲೆ ಹತ್ತಿರದ ಒಂದು ದವಾಖಾನೆಯಲ್ಲಿ ಐದು ದಿನ. ಅಲ್ಲಿ ಐದು ದಿನಕ್ಕೆ ಮೂರು ಆಂಟಿಬಯಾಟಿಕ್ ಬದಲಾಯಿಸಿದರು. ಒಂದು ಸಲವೂ ಕಫವನ್ನಾಗಲಿ ರಕ್ತವನ್ನಾಗಲಿ ಕಲ್ಚರ್‌ಗೆ, ಅಂದರೆ ಯಾವ ಬ್ಯಾಕ್ಟೀರಿಯಾ ಇದೆ, ಯಾವ ಔಷಧಕ್ಕೆ ಬಗ್ಗುತ್ತದೆ ಅಂತ ಬೆಳೆಸಿ ನೋಡುವ ಪರೀಕ್ಷೆಗೆ, ಕಳಿಸಲಿಲ್ಲ. "ಇದು ಇನ್ನೂ ಪವರ್ ಇರೋದು" ಅಂತ ಹೇಳಿದಾಗ ನಾವು ಖುಷಿಪಟ್ಟೆವು, ದೊಡ್ಡ ಔಷಧ ಹಾಕ್ತಿದಾರೆ ಅಂತ. ಐದನೇ ರಾತ್ರಿ ಉಸಿರು ಸಿಗದೆ ಒದ್ದಾಡಿದರು. ಬಾಯಲ್ಲಿ ಪೈಪ್ ಹಾಕಿ, ಕೈಯಲ್ಲಿ ಬಲೂನು ಒತ್ತುತ್ತಾ ಆಂಬುಲೆನ್ಸ್‌ನಲ್ಲಿ ಬಳ್ಳಾರಿಗೆ ತಂದೆವು.

ಇಲ್ಲಿಂದ ರಿವ್ಯೂ ಶುರು.

ಐಸಿಯು ಒಳಗೆ ಕರೆದುಕೊಂಡ ಅರ್ಧ ಗಂಟೆಯಲ್ಲಿ ಸಿಸ್ಟರ್ ಒಬ್ಬರು ಹೊರಗೆ ಬಂದು, ಬೇರೆ ದವಾಖಾನೆಯಲ್ಲಿ ಎಷ್ಟು ದಿನ ಇದ್ದರು, ಯಾವ್ಯಾವ ಆಂಟಿಬಯಾಟಿಕ್ ಆಗಿದೆ ಅಂತ ಒಂದೊಂದೇ ಕೇಳಿ ಬರೆದುಕೊಂಡರು. ಬೇರೆ ಕಡೆ ಅಡ್ಮಿಟ್ ಆಗಿ ಬಂದವರಿಗೆಲ್ಲ ಗುದದ್ವಾರದಿಂದ ಹತ್ತಿಕಡ್ಡಿಯಲ್ಲಿ ಸ್ಯಾಂಪಲ್ ತೆಗೆದು ಪರೀಕ್ಷೆಗೆ ಕಳಿಸುತ್ತೇವೆ ಅಂತ ಸಹಿ ಮಾಡಿಸಿಕೊಂಡರು. ಪೈಪಿನಿಂದ ಕಫವನ್ನೂ ಕಳಿಸಿದರು. ರಿಪೋರ್ಟ್ ಬರುವ ತನಕ ಅಪ್ಪನನ್ನು ಮೂಲೆಯ ಆರನೇ ಬೆಡ್‌ಗೆ ಹಾಕಿದರು. ಮೂರನೇ ದಿನ ಆ ಬೆಡ್ ತಲೆ ಹತ್ತಿರ ಹಳದಿ ಚೀಟಿ ಬಂತು. ಮುಟ್ಟುವ ಮುಂಚೆ ಕೈ ತೊಳೆಯಿರಿ, ಗ್ಲೌಸ್ ಹಾಕಿ, ಗೌನ್ ಹಾಕಿ ಅಂತ. ಬೆಡ್ ಸರಳಿಗೆ ಒಂದು ಸ್ಟೆತಸ್ಕೋಪ್ ಕಟ್ಟಿದ್ದರು, ಕಿವಿಗೆ ಇಡುವ ತುದಿಗೆ ಕೆಂಪು ಟೇಪ್ ಸುತ್ತಿತ್ತು. ಬಿಪಿ ಪಟ್ಟಿ, ಜ್ವರ ನೋಡುವ ಕಡ್ಡಿ, ಎಲ್ಲಕ್ಕೂ ಅದೇ ಕೆಂಪು ಟೇಪ್. ಆರನೇ ಬೆಡ್ ಸಾಮಾನು ಆರನೇ ಬೆಡ್‌ಗೇ, ಬೇರೆ ಕಡೆ ಹೋಗುವಂತಿಲ್ಲ.

ನಮ್ಮ ಮಾವ ನೋಡಿದ್ದೇ ಕೆಂಡವಾದರು. "ಯಾಕ್ರಿ, ನಮ್ಮ ಭಾವನಿಗೇನು ಅಂಟುರೋಗ ಬಂದದೇನು? ಮೂಲೆಗೆ ಹಾಕಿ ಚೀಟಿ ಅಂಟಿಸೀರಿ" ಅಂತ ಬಾಗಿಲಲ್ಲೇ ಜೋರು ಮಾಡಿದರು. ನಿಜ ಹೇಳಬೇಕೆಂದರೆ ನನಗೂ ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು. ಯಾರನ್ನಾದರೂ ಮುಟ್ಟಬೇಡಿ ಅಂತ ಚೀಟಿ ಹಾಕುವುದು ನಮ್ಮ ಊರುಗಳಲ್ಲಿ ಎಂಥ ನೋವಿನ ವಿಷಯ ಅಂತ ಎಲ್ಲರಿಗೂ ಗೊತ್ತಿದೆ.

ಐಸಿಯು ನೋಡಿಕೊಳ್ಳುವ ಡಾಕ್ಟರ್ ಮೇಡಂ ಸಿಟ್ಟಾಗಲಿಲ್ಲ. ಮಾವನನ್ನೂ ನನ್ನನ್ನೂ ಕೂರಿಸಿ ಹೇಳಿದರು. ಅಪ್ಪನ ಕರುಳಲ್ಲಿ ಕ್ಲೆಬ್ಸಿಯೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇದೆ, ಮೆರೋಪೆನೆಮ್‌ನಂಥ ದೊಡ್ಡ ಔಷಧಕ್ಕೂ ಅದು ಜಗ್ಗುವುದಿಲ್ಲ. ಆದರೆ ಈಗ ಅದು ಸುಮ್ಮನೆ ಕೂತಿದೆ, ರೋಗ ಮಾಡುತ್ತಿಲ್ಲ. ಇದಕ್ಕೆ ಕಾಲೊನೈಸೇಶನ್ ಅನ್ನುತ್ತಾರೆ. ಅದೇ ಬ್ಯಾಕ್ಟೀರಿಯಾ ರಕ್ತಕ್ಕೋ ಪುಪ್ಪುಸಕ್ಕೋ ನುಗ್ಗಿ ಜ್ವರ ಬಂದು, ಬಿಪಿ ಬಿದ್ದರೆ ಆಗ ಅದು ಇನ್‌ಫೆಕ್ಷನ್. ಚೀಟಿ ಹಾಕಿರುವುದು ಅಪ್ಪನನ್ನು ದೂರ ಇಡುವುದಕ್ಕಲ್ಲ, ನಮ್ಮ ಸ್ಟಾಫ್ ಕೈಯಿಂದ ಇದು ಪಕ್ಕದ ಬೆಡ್‌ಗೆ ಹೋಗದೆ ಇರಲಿ ಅಂತ, ಪಕ್ಕದ ಬೆಡ್‌ದು ನಿಮ್ಮ ಅಪ್ಪನಿಗೆ ಬರದೆ ಇರಲಿ ಅಂತ. ನೀವು ಕೈ ತೊಳೆದು ಬಂದು ಅವರ ಕೈ ಹಿಡಿದುಕೊಂಡು ಕೂರಬಹುದು, ಹಿಡಿದುಕೊಳ್ಳಿ, ಅಂದರು. ಆ "ಹಿಡಿದುಕೊಳ್ಳಿ" ಅಂದ ಮಾತಿಗೆ ಮಾವ ತಣ್ಣಗಾದರು.

"ಮತ್ತೆ ಇದಕ್ಕೆ ಔಷಧ?" ಅಂತ ಕೇಳಿದೆ. "ಕೊಡಲ್ಲ" ಅಂದರು. ಸುಮ್ಮನೆ ಕೂತಿರೋದನ್ನ ಓಡಿಸೋಕೆ ಹೋದರೆ ಅದು ಹೋಗೋದಿಲ್ಲ, ಉಳಿದಿರೋ ಒಂದೆರಡು ಔಷಧಕ್ಕೂ ಬಗ್ಗದ ಹಾಗೆ ಆಗುತ್ತದೆ, ಅಷ್ಟೇ.

ನಾಲ್ಕನೇ ದಿನ ಕಫದ ರಿಪೋರ್ಟ್ ಬಂತು. ಅದರಲ್ಲೂ ಕ್ಲೆಬ್ಸಿಯೆಲ್ಲಾ. ಈಗ ನನಗೇ ತಡೆಯಲಾಗಲಿಲ್ಲ. ಎದೆಯಲ್ಲೇ ಇದೆ ಅಂತ ಕಾಗದದಲ್ಲಿ ಬರೆದಿದೆ, ಮತ್ತೆ ಯಾಕೆ ಕಾಯುತ್ತೀರಿ ಅಂದೆ. ಮೇಡಂ ಕಾಗದ ಪಕ್ಕಕ್ಕಿಟ್ಟು ಅಪ್ಪನ ಕಡೆ ತೋರಿಸಿದರು. ಜ್ವರ ಇಲ್ಲ. ವೆಂಟಿಲೇಟರ್‌ನಲ್ಲಿ ಆಮ್ಲಜನಕ ದಿನಾ ಕಡಿಮೆ ಮಾಡುತ್ತಾ ಬಂದಿದ್ದೇವೆ. ಎಕ್ಸ್‌ರೇ ಮೊನ್ನೆಗಿಂತ ಚೆನ್ನಾಗಿದೆ. ಪೈಪ್ ಇದ್ದವರ ಗಂಟಲಲ್ಲಿ ಏನಾದರೂ ಒಂದು ಬೆಳೆದೇ ಬೆಳೆಯುತ್ತದೆ, ನಾವು ರಿಪೋರ್ಟ್‌ಗೆ ಔಷಧ ಕೊಡಲ್ಲ, ರೋಗಿಗೆ ಕೊಡುತ್ತೇವೆ. ಅಷ್ಟೇ ಅಲ್ಲ, ಮೊದಲಿನಿಂದ ಹೋಗುತ್ತಿದ್ದ ಆಂಟಿಬಯಾಟಿಕನ್ನೂ ಏಳನೇ ದಿನಕ್ಕೆ ನಿಲ್ಲಿಸಿದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಔಷಧ ನಿಲ್ಲಿಸುವುದೂ ಒಂದು ಚಿಕಿತ್ಸೆ ಅಂತ ನಂಬುವುದು ಕಷ್ಟ, ಅದೂ ನಿಮ್ಮ ಅಪ್ಪ ಬಾಯಲ್ಲಿ ಪೈಪ್ ಹಾಕಿಕೊಂಡು ಮಲಗಿರುವಾಗ.

ಬೆಂಚಿನ ಮೇಲೆ ಹಾಗೇ ಕೂತಿದ್ದಾಗ ನನಗೆ ನಮ್ಮ ಗದ್ದೆಯ ಕಂದು ಜಿಗಿಹುಳು ನೆನಪಾಯಿತು. ಭತ್ತ ಬೆಳೆಯುವವರಿಗೆ ಹೇಳಬೇಕಾಗಿಲ್ಲ. ಬುಡದಲ್ಲಿ ಕೂತು ರಸ ಹೀರುತ್ತದೆ, ಗದ್ದೆ ನಡುನಡುವೆ ಸುಟ್ಟ ಹಾಗೆ ದುಂಡಗೆ ಒಣಗುತ್ತದೆ. ಒಂದು ಕಾಲಕ್ಕೆ ಒಂದೇ ಸಿಂಪರಣೆಗೆ ಸಾಯುತ್ತಿತ್ತು, ಈಗ ಅದೇ ಎಣ್ಣೆ ಎರಡು ಪಟ್ಟು ಹೊಡೆದರೂ ಜಗ್ಗುವುದಿಲ್ಲ. ಅಪ್ಪ ಒಂದು ವರ್ಷ ಹುಳು ಕಾಣುವ ಮುಂಚೆಯೇ ಮುನ್ನೆಚ್ಚರಿಕೆ ಅಂತ ಹೊಡೆಸಿದರು. ಆ ವರ್ಷವೇ ಹುಳು ಜಾಸ್ತಿ ಬಿತ್ತು. ಕೃಷಿ ಇಲಾಖೆಯವರು ಬಂದು ನೋಡಿ, ಹುಳು ತಿನ್ನುವ ಜೇಡಗಳನ್ನೆಲ್ಲ ನೀವೇ ಕೊಂದಿದ್ದೀರಿ, ಇನ್ನು ಅದನ್ನ ತಡೆಯೋರು ಯಾರು ಅಂದಿದ್ದರು. ಮಾರನೇ ದಿನ ಇದನ್ನು ಮೇಡಂಗೆ ಹೇಳಿದೆ. ಕರುಳಲ್ಲೂ ಹಾಗೇ ಅಂದರು. ಅಲ್ಲಿ ಕೋಟಿಗಟ್ಟಲೆ ಒಳ್ಳೆಯ ಬ್ಯಾಕ್ಟೀರಿಯಾ ಇರುತ್ತವೆ, ಕೆಟ್ಟದ್ದಕ್ಕೆ ಜಾಗ ಬಿಡುವುದಿಲ್ಲ. ಒಂದರ ಮೇಲೆ ಒಂದು ಆಂಟಿಬಯಾಟಿಕ್ ಹೋದರೆ ಮೊದಲು ಸಾಯುವುದು ಅವೇ. ಆಗ ಯಾವ ಔಷಧಕ್ಕೂ ಸಾಯದ್ದು ಒಂದೇ ಉಳಿದು ಇಡೀ ಜಾಗ ಹಿಡಿಯುತ್ತದೆ.

ನಾನು ತಂದ ಗುಳಿಗೆ, ಊರಿನ ಸೂಜಿ, ಆ ಐದು ದಿನದ ಮೂರು ಔಷಧ. ಯಾವುದರಿಂದ ಆಯಿತು ಅಂತ ಹೇಳಲು ಬರುವುದಿಲ್ಲ. ಆದರೆ ಅಷ್ಟೂ ಹೋಗಿದ್ದು ಒಂದೇ ಹೊಟ್ಟೆಯೊಳಗೆ.

ಈ ಐಸಿಯುನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ರಾತ್ರಿ ಪಾಳಿಯ ಒಬ್ಬ ಸಿಸ್ಟರ್. ವಯಸ್ಸು ಇಪ್ಪತ್ತೈದು ಇರಬಹುದು. ಗಾಜಿನ ಬಾಗಿಲಿಂದ ಆರನೇ ಬೆಡ್ ಕಾಣುತ್ತಿತ್ತು, ನಾನು ರಾತ್ರಿಯೆಲ್ಲ ಅವರ ಕೈಯನ್ನೇ ನೋಡುತ್ತಿದ್ದೆ. ಬೆಡ್ ಹತ್ತಿರ ಬಂದರೆ ಮೊದಲು ಸ್ಯಾನಿಟೈಸರ್. ಅಂಗೈ ಉಜ್ಜಿ, ಬೆರಳ ಸಂದಿ ಉಜ್ಜಿ, ಹೆಬ್ಬೆರಳನ್ನು ಇನ್ನೊಂದು ಮುಷ್ಟಿಯಲ್ಲಿ ಹಿಡಿದು ತಿರುಗಿಸಿ, ಕೊನೆಗೆ ಉಗುರ ತುದಿಗಳನ್ನು ಅಂಗೈಗೆ ಕೆರೆದು, ಕೈ ಪೂರ್ತಿ ಒಣಗುವ ತನಕ ಬಿಡುತ್ತಿರಲಿಲ್ಲ. ಆಮೇಲೆ ಗ್ಲೌಸ್. ಅಪ್ಪನಿಗೆ ಎಚ್ಚರ ಇರಲಿ ಇಲ್ಲದಿರಲಿ, "ತಾತಾ, ಕಫ ತೆಗೀತೀನಿ, ಸ್ವಲ್ಪ ತಡ್ಕೊಳ್ರಿ" ಅಂತ ಹೇಳಿಯೇ ಪೈಪ್ ಒಳಗೆ ಬಿಡುತ್ತಿದ್ದರು. ಮುಗಿದ ಮೇಲೆ ಗ್ಲೌಸ್ ತೆಗೆದು ಮತ್ತೆ ಕೈ ಉಜ್ಜಿಕೊಳ್ಳುವುದು. ಪಕ್ಕದ ಬೆಡ್‌ನಲ್ಲಿ ಮಷಿನ್ ಕೂಗಿದರೂ ಆ ಇಪ್ಪತ್ತು ಮೂವತ್ತು ಸೆಕೆಂಡ್ ಬಿಟ್ಟು ಓಡುತ್ತಿರಲಿಲ್ಲ. ಒಂದು ರಾತ್ರಿ ಲೆಕ್ಕ ಹಾಕಿದೆ, ನಮ್ಮ ಅಪ್ಪನ ಬೆಡ್‌ ಒಂದಕ್ಕೇ ನಲವತ್ತು ಸಲಕ್ಕಿಂತ ಜಾಸ್ತಿ. ಬೆಳಗಾಗುವ ಹೊತ್ತಿಗೆ ಅವರ ಕೈ ಹಿಂಬದಿ ಒಣಗಿ ಬಿರುಕು ಬಿಟ್ಟ ಹಾಗಾಗಿತ್ತು. ಕೊಬ್ಬರಿ ಎಣ್ಣೆ ಹಚ್ಕೊಳ್ಳಿ ಸಿಸ್ಟರ್ ಅಂದೆ. ಮನೆಗೆ ಹೋಗಿ ಹಚ್ಕೋತೀನಿ ಅಣ್ಣಾ, ಇಲ್ಲಿ ಹಚ್ಚಿದರೆ ಗ್ಲೌಸ್ ಹಾಳಾಗ್ತವೆ ಅಂದರು.

ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ 1847ರಲ್ಲಿ ಸೆಮ್ಮೆಲ್‌ವೈಸ್ ಅನ್ನುವ ಡಾಕ್ಟರ್ ಕ್ಲೋರಿನ್ ನೀರಲ್ಲಿ ಕೈ ತೊಳೆಸಿ ಬಾಣಂತಿಯರ ಸಾವು ಇಳಿಸಿದ್ದರು. ಅವತ್ತು ಅವರ ಮಾತನ್ನು ಬಹಳ ಡಾಕ್ಟರುಗಳು ಒಪ್ಪಲಿಲ್ಲ. ಅಷ್ಟು ಹಳೆಯ ವಿಷಯ ಇದು, ಆದರೂ ಪ್ರತಿ ಪಾಳಿಯಲ್ಲೂ ಹೊಸದಾಗಿ ಮಾಡಬೇಕು.

ಇನ್ನೂ ಕೆಲವು ಒಳ್ಳೆಯ ಪದ್ಧತಿ ಕಂಡೆ. ಬೆಡ್ ತಲೆಭಾಗ ಸದಾ ಎತ್ತಿರುತ್ತಿತ್ತು, 30 ಡಿಗ್ರಿಗಿಂತ ಕೆಳಗೆ ಬಿಡಬೇಡಿ, ಹೊಟ್ಟೆಯದು ಪುಪ್ಪುಸಕ್ಕೆ ಹೋಗುತ್ತದೆ ಅಂತ ಆಯಾಗೂ ಗೊತ್ತಿತ್ತು. ದಿನಾ ಬೆಳಿಗ್ಗೆ ನಿದ್ದೆ ಔಷಧ ಕಡಿಮೆ ಮಾಡಿ ಅಪ್ಪನನ್ನು ಎಬ್ಬಿಸಿ, ಇವತ್ತು ಪೈಪ್ ತೆಗೆಯಬಹುದಾ ಅಂತ ನೋಡುತ್ತಿದ್ದರು. ಮೂತ್ರದ ಪೈಪನ್ನು ಐದನೇ ದಿನಕ್ಕೇ ತೆಗೆದರು. ಡೈಪರ್ ಬದಲಾಯಿಸುವ ಕೆಲಸ ಜಾಸ್ತಿಯಾಯಿತು ಅಂತ ಯಾರೂ ಗೊಣಗಲಿಲ್ಲ. ಮೈಗೆ ಚುಚ್ಚಿದ ಪ್ರತಿ ಪೈಪೂ ಬ್ಯಾಕ್ಟೀರಿಯಾಗೆ ಒಂದು ದಾರಿ, ಬೇಡವಾದ ದಾರಿ ಮುಚ್ಚಬೇಕು ಅನ್ನುವುದು ಮೇಡಂ ಲೆಕ್ಕ.

ಇಷ್ಟೆಲ್ಲ ಇದ್ದರೂ ಒಂಬತ್ತನೇ ದಿನ ಜ್ವರ ಬಂತು. 102. ಕಫ ಗಟ್ಟಿಯಾಗಿ ಹಸಿರು ತಿರುಗಿತು. ವೆಂಟಿಲೇಟರ್‌ನಲ್ಲಿ ಕೊಡುವ ಆಮ್ಲಜನಕ ಶೇ 35ಕ್ಕೆ ಇಳಿದಿತ್ತು, ಅದನ್ನು ಶೇ 60ಕ್ಕೆ ಏರಿಸಬೇಕಾಯಿತು. ಎಕ್ಸ್‌ರೇಯಲ್ಲಿ ಬಲಗಡೆ ಹೊಸದಾಗಿ ಬೆಳ್ಳಗಿನ ಮಚ್ಚೆ. ಈ ಸಲ ಮೇಡಂ ಕಾಯಲಿಲ್ಲ. ಮೊದಲು ಎರಡು ಕಡೆಯಿಂದ ರಕ್ತ, ಪೈಪಿನಿಂದ ಕಫ ಕಲ್ಚರ್‌ಗೆ ಹೋಯಿತು, ಒಂದು ಗಂಟೆಯೊಳಗೆ ಔಷಧವೂ ಶುರುವಾಯಿತು. ಕರುಳಲ್ಲಿ ಏನಿದೆ ಅಂತ ಮೊದಲೇ ಗೊತ್ತಿದ್ದರಿಂದ ಮೆರೋಪೆನೆಮ್ ಒಂದನ್ನೇ ನೆಚ್ಚಿಕೊಂಡು ಎರಡು ದಿನ ಹಾಳು ಮಾಡಲಿಲ್ಲ. ಕೊಲಿಸ್ಟಿನ್ ಹಾಕಿದರು, ಮೊದಲ ಡೋಸ್ 90 ಲಕ್ಷ ಯೂನಿಟ್. ಮೊದಲ ದಿನ ತೆಗೆದ ಆ ಹತ್ತಿಕಡ್ಡಿಯ ಬೆಲೆ ನನಗೆ ಅವತ್ತು ಗೊತ್ತಾಯಿತು.

ಎರಡೂವರೆ ದಿನಕ್ಕೆ ರಿಪೋರ್ಟ್ ಬಂತು. ರಕ್ತದಲ್ಲಿ ಏನೂ ಇಲ್ಲ. ಕಫದಲ್ಲಿ ಬಂದಿದ್ದು ಕ್ಲೆಬ್ಸಿಯೆಲ್ಲಾ ಅಲ್ಲ, ಅಸಿನೆಟೋಬ್ಯಾಕ್ಟರ್ ಅಂತ ಇನ್ನೊಂದು. ಕಾಗದ ಇಸಿದುಕೊಂಡು ನೋಡಿದೆ. ಔಷಧಗಳ ಹೆಸರು ಉದ್ದಕ್ಕೆ, ಎದುರಿಗೆ ಒಂದೊಂದು ಇಂಗ್ಲಿಷ್ ಅಕ್ಷರ. ಆರ್, ಆರ್, ಆರ್, ಆರ್. ಮೇಲಿಂದ ಕೆಳಗೆ ಬೆರಳಿಟ್ಟುಕೊಂಡು ಬಂದೆ, ಹನ್ನೆರಡು ಸಾಲು ಆರ್. ಆರ್ ಅಂದರೆ ಈ ಔಷಧ ನಾಟುವುದಿಲ್ಲ ಅಂತ. ಕೊಲಿಸ್ಟಿನ್ ಎದುರಿಗೆ ಮಾತ್ರ ಐ. ನಾಟುತ್ತದೆ ಅನ್ನುವುದಕ್ಕೆ ಎಸ್ ಇರಬೇಕಲ್ಲ, ಇದು ಅರ್ಧಂಬರ್ಧಾನಾ ಅಂತ ಎದೆ ಧಸಕ್ಕೆಂದಿತು. ಲ್ಯಾಬಿನ ಮೈಕ್ರೋಬಯಾಲಜಿ ಡಾಕ್ಟರ್ ಹತ್ತಿರ ನನ್ನನ್ನು ಕಳಿಸಿದರು, ಇದನ್ನು ಬೇರೆ ಎಲ್ಲೂ ಮಾಡಿದ್ದು ಕಾಣೆ. ಅವರು ಸಾವಕಾಶವಾಗಿ ಹೇಳಿದರು. ಈ ಔಷಧಕ್ಕೆ 2020ರಿಂದ ಅಮೆರಿಕದ ಲ್ಯಾಬ್ ನಿಯಮದ ಪುಸ್ತಕದಲ್ಲಿ ಎಸ್ ಅನ್ನುವ ಸಾಲನ್ನೇ ತೆಗೆದಿದ್ದಾರೆ, ಐ ಬಂದರೆ ಅದೇ ಇದ್ದುದರಲ್ಲಿ ಒಳ್ಳೆಯದು. ಅಷ್ಟು ಪೂರ್ತಿ ನಂಬುವ ಔಷಧ ಅಲ್ಲ ಅದು, ಆದರೆ ನಮ್ಮ ಹತ್ತಿರ ಉಳಿದಿರುವುದರಲ್ಲಿ ಅದೊಂದು.

ಕೊಲಿಸ್ಟಿನ್ ಹಳೇ ಔಷಧ. 1950ರ ದಶಕದಲ್ಲಿ ಬಳಕೆಗೆ ಬಂದಿದ್ದು. ಕಿಡ್ನಿಗೆ ಪೆಟ್ಟು ಕೊಡುತ್ತದೆ ಅಂತ 1970ರ ದಶಕದ ಹೊತ್ತಿಗೆ ಹೆಚ್ಚುಕಡಿಮೆ ಪಕ್ಕಕ್ಕಿಟ್ಟಿದ್ದರು. ಹೊಸ ಔಷಧಗಳೆಲ್ಲ ಕೈಕೊಟ್ಟ ಮೇಲೆ ಅದನ್ನೇ ಮತ್ತೆ ಹೊರಗೆ ತೆಗೆಯಬೇಕಾಯಿತು. ಇಂಥ ಔಷಧವನ್ನು ಕೋಳಿಗಳು ಬೇಗ ಬೆಳೆಯಲಿ ಅಂತ ಮೇವಿಗೆ ಹಾಕುತ್ತಿದ್ದರು, ನಮ್ಮ ದೇಶದಲ್ಲಿ 2019ರ ಜುಲೈನಲ್ಲಿ ಅದನ್ನು ನಿಲ್ಲಿಸಿದರು. ನಮ್ಮ ಕಡೆ ಕೋಳಿ ಫಾರಂ ಮಾಡುವವರು ಬಹಳ ಜನ ಇದ್ದೀರಿ. ಇನ್ನೂ ಯಾರಾದರೂ ಅದನ್ನು ಮಾರಲು ಬಂದರೆ ದಯವಿಟ್ಟು ಬೇಡ ಅನ್ನಿ. ಆರನೇ ಬೆಡ್‌ನಲ್ಲಿ ಹನ್ನೆರಡು ಆರ್ ಆದ ಮೇಲೆ ಉಳಿದಿದ್ದ ಸಾಲು ಅದೊಂದೇ.

ಅಸಿನೆಟೋಬ್ಯಾಕ್ಟರ್ ಬಗ್ಗೆ ಒಂದು ಮಾತು. ಅದು ಒಣಗಿದ ಜಾಗದಲ್ಲೂ ವಾರಗಟ್ಟಲೆ ಬದುಕುತ್ತದೆ. ಬೆಡ್ ಸರಳು, ವೆಂಟಿಲೇಟರ್ ಗುಂಡಿ, ಪರದೆ, ಮೊಬೈಲ್. ದೇಶದ ದೊಡ್ಡ ಆಸ್ಪತ್ರೆಗಳಿಂದ ಐಸಿಎಂಆರ್ (ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ) ಪ್ರತಿ ವರ್ಷ ಲೆಕ್ಕ ತರಿಸಿಕೊಳ್ಳುತ್ತದೆ, ಅದರಲ್ಲಿ ಹತ್ತು ಅಸಿನೆಟೋಬ್ಯಾಕ್ಟರ್‌ನಲ್ಲಿ ಎಂಟಕ್ಕಿಂತ ಜಾಸ್ತಿ ಮೆರೋಪೆನೆಮ್‌ಗೆ ಬಗ್ಗದವು. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲೂ 2024ರಲ್ಲೂ ಮಾಡಿದ ಪಟ್ಟಿಗಳಲ್ಲಿ ಇದು ಅತಿ ಅಪಾಯದ ಸಾಲಿನಲ್ಲಿದೆ. ಹಾಗಾದರೆ ನಮ್ಮ ಅಪ್ಪನಿಗೆ ಎಲ್ಲಿಂದ ಬಂತು ಅಂತ ಕೇಳಿದೆ. ಮೇಡಂ ಸುತ್ತಿಬಳಸಿ ಮಾತಾಡಲಿಲ್ಲ. "ನಮ್ಮ ಐಸಿಯುನಲ್ಲೇ ಬಂದಿರಬಹುದು. ಎಷ್ಟು ನೋಡಿಕೊಂಡರೂ ಕೆಲವು ಸಲ ಆಗುತ್ತದೆ. ನಾವು ಹುಡುಕುತ್ತಿದ್ದೇವೆ" ಅಂದರು. ಅವತ್ತೇ ಬೆಡ್ ಸರಳು, ಮಷಿನ್, ಟ್ರಾಲಿ ಎಲ್ಲದರಿಂದ ಸ್ಯಾಂಪಲ್ ತೆಗೆಯುವುದನ್ನು ನಾನೇ ಕಂಡೆ. ಒಂದು ಆಸ್ಪತ್ರೆ ತನ್ನ ಬಾಯಿಂದ ಇಷ್ಟು ಹೇಳಿದ್ದಕ್ಕೇ ನಾನು ಒಂದು ಸ್ಟಾರ್ ಕೊಟ್ಟಿದ್ದೇನೆ.

ಈಗ ಸಿಟ್ಟಿನ ಮಾತು. ಆರು ಮತ್ತು ಏಳನೇ ದಿನ ಆರನೇ ಬೆಡ್ ಹತ್ತಿರದ ಸ್ಯಾನಿಟೈಸರ್ ಬಾಟಲಿ ಖಾಲಿ ಇತ್ತು. ಒತ್ತಿದರೆ ಬರೀ ಗಾಳಿ. ರಾತ್ರಿ ಸಿಸ್ಟರ್ ಬೇರೆ ಬೆಡ್‌ದು ತಂದುಕೊಳ್ಳುತ್ತಿದ್ದರು, ಹಗಲು ಬರುವ ಎಲ್ಲರೂ ಹಾಗೆ ಮಾಡಲಿಲ್ಲ. ಸ್ಟೋರ್‌ನಿಂದ ಬಂದಿಲ್ಲ ಅನ್ನುವುದು ಉತ್ತರ. ಲಕ್ಷಗಟ್ಟಲೆಯ ಮಷಿನ್ ಇರುವ ಕಡೆ ಸ್ಯಾನಿಟೈಸರ್ ಬಾಟಲಿ ಎರಡು ದಿನ ಖಾಲಿ ಇರಬಾರದು. ಅದರಿಂದಲೇ ಅಪ್ಪನಿಗೆ ಜ್ವರ ಬಂತು ಅಂತ ನಾನು ಹೇಳುತ್ತಿಲ್ಲ, ಹಾಗೆ ಹೇಳಲು ಆಗುವುದಿಲ್ಲ. ಆದರೆ ಆ ಎರಡು ದಿನ ನನ್ನ ಮನಸ್ಸಿನಿಂದ ಹೋಗಿಲ್ಲ.

ಕೈ ತೊಳೆಯುವ ಬೇಸಿನ್‌ದು ತಿರುಗಿಸುವ ನಲ್ಲಿ. ಕೊಳೆ ಕೈಯಲ್ಲಿ ತೆಗೆಯಬೇಕು, ತೊಳೆದ ಕೈಯಲ್ಲಿ ಅದನ್ನೇ ಮುಟ್ಟಿ ನಿಲ್ಲಿಸಬೇಕು. ಮೊಣಕೈಯಿಂದ ತಳ್ಳುವ ನಲ್ಲಿ ಹಾಕಿಸಲು ಎಷ್ಟು ಖರ್ಚಾಗುತ್ತದೆ? ಹೊರಗಿಂದ ಬರುವ ಒಬ್ಬ ದೊಡ್ಡ ಡಾಕ್ಟರ್ ಗ್ಲೌಸ್ ಹಾಕಿಕೊಂಡೇ ಫೋನ್ ಎತ್ತಿ ಮಾತಾಡಿ, ಅದೇ ಗ್ಲೌಸ್‌ನಲ್ಲಿ ಅಪ್ಪನ ಹೊಟ್ಟೆ ಮುಟ್ಟಿದರು. ಸಿಸ್ಟರ್ ನೋಡಿದರು, ಬಾಯಿ ತೆಗೆಯಲಿಲ್ಲ. ಚಿಕ್ಕವರು ದೊಡ್ಡವರಿಗೆ ಹೇಳುವ ಧೈರ್ಯವನ್ನೂ ಆಸ್ಪತ್ರೆಯೇ ಕೊಡಬೇಕು. ಸಂಜೆ ಭೇಟಿ ಹೊತ್ತಿಗೆ ಒಬ್ಬರೇ ಅಂತ ಬೋರ್ಡ್ ಇದೆ, ಆದರೆ ಊರಿನ ಮುಖಂಡರು ಬಂದರೆ ಆರು ಜನ ಒಟ್ಟಿಗೆ ಒಳಗೆ ಹೋಗುತ್ತಾರೆ, ಬೆಡ್ ಸರಳು ಹಿಡಿದು ನಿಲ್ಲುತ್ತಾರೆ, ಪಕ್ಕದ ಬೆಡ್‌ನವರನ್ನೂ ಮುಟ್ಟಿ ಮಾತಾಡಿಸಿ ಬರುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ನನಗೂ ಗೊತ್ತು. ದಯವಿಟ್ಟು ಮಾಡಬೇಡಿ. ಹೊರಗಿಂದ ನಮಸ್ಕಾರ ಮಾಡಿ, ಒಂದು ಫೋನ್ ಮಾಡಿ, ಸಾಕು.

ಕೊಲಿಸ್ಟಿನ್ ಶುರುವಾದ ನಾಲ್ಕನೇ ದಿನ, ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ 0.9 ಇದ್ದದ್ದು 2.1 ಆಯಿತು. ಹೇಳಿದ್ದ ಹಾಗೇ ಕಿಡ್ನಿಗೆ ಪೆಟ್ಟು ಬಿತ್ತು. ಡೋಸ್ ಇಳಿಸಿದರು, ದಿನಾ ರಕ್ತ ಪರೀಕ್ಷೆ, ಗಂಟೆಗೆಷ್ಟು ಮೂತ್ರ ಅಂತ ಲೆಕ್ಕ. ಡಯಾಲಿಸಿಸ್ ತನಕ ಹೋಗಲಿಲ್ಲ. ಹದಿನಾಲ್ಕನೇ ದಿನ ಬಾಯಿಯ ಪೈಪ್ ತೆಗೆದರು. ಗಂಟಲು ಕಟ್ಟಿತ್ತು, ಮಾತು ಗಾಳಿಯ ಹಾಗೆ ಬರುತ್ತಿತ್ತು. ನಾನು ಕೈ ತೊಳೆದು, ಗೌನ್ ಹಾಕಿ ಹತ್ತಿರ ಹೋಗಿ ಕಿವಿ ಕೊಟ್ಟೆ. "ಕಾಲುವೆಗೆ ನೀರು ಬಿಟ್ರೇನೋ" ಅಂತ ಕೇಳಿದರು. ಬಿಟ್ಟಿದ್ದಾರೆ ಅಪ್ಪಾ, ಬೆಳೆ ಚೆನ್ನಾಗಿದೆ ಅಂದೆ. ಹದಿನೇಳಕ್ಕೆ ಔಷಧ ನಿಂತಿತು, ಹತ್ತೊಂಬತ್ತಕ್ಕೆ ವಾರ್ಡ್‌ಗೆ ಬಂದರು. ಅವರ ತೊಡೆ ನನ್ನ ತೋಳಿನಷ್ಟಾಗಿತ್ತು.

ಎಲ್ಲರಿಗೂ ಹೀಗೆ ಆಗುವುದಿಲ್ಲ. ನಾಲ್ಕನೇ ಬೆಡ್‌ನಲ್ಲಿದ್ದ ಅಪಘಾತದ ಹುಡುಗ ಉಳಿಯಲಿಲ್ಲ. ಅವನ ಅಮ್ಮ ನಮ್ಮ ಪಕ್ಕದ ಚಾಪೆಯಲ್ಲಿ ಮಲಗುತ್ತಿದ್ದರು, ನಾವು ತಂದ ಜೋಳದ ರೊಟ್ಟಿಯಲ್ಲಿ ಒಂದು ತಿನ್ನುತ್ತಿದ್ದರು. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ 2019ರ ಒಂದೇ ವರ್ಷ ಪ್ರಪಂಚದಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಅಂತ ಒಂದು ದೊಡ್ಡ ಅಧ್ಯಯನದ ಅಂದಾಜು. ಆ ಸಂಖ್ಯೆ ಓದಿದಾಗಲೆಲ್ಲ ನನಗೆ ಕಾಣುವುದು ಆ ಚಾಪೆ.

ಡಿಸ್ಚಾರ್ಜ್ ದಿನದ ಒಂದು ತಪ್ಪನ್ನೂ ಹೇಳಬೇಕು. ಕೊಟ್ಟ ಸಮರಿಯಲ್ಲಿ ನ್ಯುಮೋನಿಯಾ ಇತ್ತು, ದಮ್ಮು ಇತ್ತು, ಔಷಧಗಳ ಪಟ್ಟಿ ಇತ್ತು. ಕರುಳಿನ ಕ್ಲೆಬ್ಸಿಯೆಲ್ಲಾ ಬಗ್ಗೆ ಒಂದು ಅಕ್ಷರ ಇರಲಿಲ್ಲ. ನಾನು ಕೇಳಿದ ಮೇಲೆ ಬರೆದುಕೊಟ್ಟರು, ಎರಡೂ ಕಲ್ಚರ್ ರಿಪೋರ್ಟ್ ಪ್ರತಿಯನ್ನೂ ಜೊತೆಗೆ ಪಿನ್ ಮಾಡಿದರು. ಇದು ತಿಂಗಳುಗಟ್ಟಲೆ ಕರುಳಲ್ಲಿ ಉಳಿಯಬಹುದು, ಸಾಮಾನ್ಯವಾಗಿ ತಾನಾಗಿಯೇ ಕಡಿಮೆಯಾಗುತ್ತಾ ಹೋಗುತ್ತದೆ, ಬೇರೆ ಯಾವ ಆಸ್ಪತ್ರೆಗೆ ಸೇರಿಸಿದರೂ ಮೊದಲು ಈ ಕಾಗದ ತೋರಿಸಿ ಅಂದರು. ಮನೆಯಲ್ಲಿ ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದಾ ಅಂತ ಅಕ್ಕ ಕೇಳಿದಳು. ಎತ್ತಿಕೊಳ್ಳಲಿ, ಶೌಚಕ್ಕೆ ಹೋಗಿ ಬಂದ ಮೇಲೆ, ಊಟದ ಮುಂಚೆ ಸೋಪು ಹಾಕಿ ಕೈ ತೊಳೆಯಲಿ, ತಟ್ಟೆ ಲೋಟ ಬೇರೆ ಮಾಡುವುದೇನೂ ಬೇಡ ಅಂದರು.

ಮನೆಯವರು ಐಸಿಯುನಲ್ಲಿ ಇದ್ದಾಗ ಏನು ಕೇಳಬೇಕು ಅಂತ ಈಗ ನನ್ನ ಹತ್ತಿರ ಫೋನ್ ಮಾಡಿ ಕೇಳುವವರಿದ್ದಾರೆ. ಆಂಟಿಬಯಾಟಿಕ್ ಶುರು ಮಾಡುವ ಮುಂಚೆ ಕಲ್ಚರ್ ಕಳಿಸಿದಿರಾ, ರಿಪೋರ್ಟ್ ಬಂದ ಮೇಲೆ ಔಷಧ ಬದಲಾಯಿಸಿದಿರಾ, ಇದು ಕಾಲೊನೈಸೇಶನ್ನೋ ಇನ್‌ಫೆಕ್ಷನ್ನೋ, ಎಷ್ಟು ದಿನಕ್ಕೆ ನಿಲ್ಲಿಸುತ್ತೀರಿ, ಆ ಪೈಪ್ ಇನ್ನೂ ಬೇಕಾ. ಇಷ್ಟು ಕೇಳಿ ಅನ್ನುತ್ತೇನೆ. ಜಗಳದ ದನಿಯಲ್ಲಿ ಬೇಡ, ಮೆತ್ತಗೆ ಕೇಳಿ, ಒಳ್ಳೆಯ ಡಾಕ್ಟರ್‌ಗೆ ಈ ಪ್ರಶ್ನೆಯಿಂದ ಬೇಜಾರಾಗುವುದಿಲ್ಲ. "ಸಾರ್, ಇನ್ನೂ ಪವರ್ ಇರೋದು ಹಾಕ್ರಿ" ಅನ್ನುವುದನ್ನು ಮಾತ್ರ ಬಿಟ್ಟುಬಿಡಿ. ನಾವೂ ಅದನ್ನೇ ಹೇಳಿದ್ದೆವು.

ಹೋದ ತಿಂಗಳು ಅಪ್ಪನನ್ನು ಚೆಕಪ್‌ಗೆ ಕರೆದುಕೊಂಡು ಹೋಗಿದ್ದೆ. ಕ್ರಿಯಾಟಿನಿನ್ 1.2ಕ್ಕೆ ಬಂದಿದೆ, ಬದುವಿನ ಮೇಲೆ ನಿಧಾನವಾಗಿ ನಡೆಯುತ್ತಾರೆ, ಬೀಡಿ ಬಿಟ್ಟಿದ್ದಾರೆ. ರಾತ್ರಿ ಪಾಳಿ ಸಿಸ್ಟರ್‌ಗೆ ಅಂತ ಮನೆಯ ಸೋನಾ ಮಸೂರಿ ಐದು ಕೆಜಿ ತಂದಿದ್ದರು, ಅವರು ರಜದಲ್ಲಿದ್ದರು, ಹೆಸರು ಬರೆದು ಕೊಟ್ಟು ಬಂದೆವು. ಐಸಿಯು ಬಾಗಿಲ ಗಾಜಿನಿಂದ ಒಳಗೆ ನೋಡಿದೆ. ಆರನೇ ಬೆಡ್‌ನಲ್ಲಿ ಬೇರೆ ಯಾರೋ ಇದ್ದರು, ಹಳದಿ ಚೀಟಿ ಇತ್ತು. ಬಾಟಲಿ ತುಂಬಿತ್ತು, ಪಕ್ಕದಲ್ಲಿ ಇನ್ನೊಂದು ಬಾಟಲಿಯನ್ನೂ ಇಟ್ಟಿದ್ದರು. ನಲ್ಲಿ ಮಾತ್ರ ಅದೇ, ತಿರುಗಿಸುವುದು. ಮೊಣಕೈ ನಲ್ಲಿ ಹಾಕಿಸಿದ ದಿನ ಬಂದು ಐದನೇ ಸ್ಟಾರ್ ಸೇರಿಸುತ್ತೇನೆ.